ಎಳೆದು ನೋಡದ ಬೋಲ್ಟಿಗೆ ಜೀವ ಕಟ್ಟಬೇಡಿ

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ತೆಂಗಿನಕಾಯಿ ಕೊಳ್ಳುವವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಕೆಲವೇ ರೂಪಾಯಿಯ ವಸ್ತುವಿಗೆ ಇಷ್ಟು ತಪಾಸಣೆ. ಆದರೆ ಸಾಹಸ ಶಿಬಿರಕ್ಕೆ ಬಂದ ಶಾಲಾಮಕ್ಕಳು ಒಬ್ಬರಾದ ಮೇಲೊಬ್ಬರು ನೇತಾಡುವ ಎರಡು ಬೋಲ್ಟುಗಳನ್ನು ಕೊನೆಯ ಸಲ ಯಾರು, ಯಾವಾಗ, ಎಷ್ಟು ಬಲ ಹಾಕಿ ಎಳೆದು ನೋಡಿದ್ದರು ಎಂದು ಕೇಳಿ. ಹೆಚ್ಚಿನ ಕಡೆ ಸಿಗುವುದು ಸಂಖ್ಯೆಯಲ್ಲ, ಸಮಾಧಾನದ ಮಾತು: 'ಏನೂ ಆಗಲ್ಲ ಸಾರ್, ಎಷ್ಟೋ ವರ್ಷದಿಂದ ಇದೆ.'

ಎಷ್ಟೋ ವರ್ಷದಿಂದ ಇದೆ ಎನ್ನುವುದು ಬೋಲ್ಟಿನ ವಯಸ್ಸನ್ನು ಹೇಳುತ್ತದೆ, ಬಲವನ್ನು ಹೇಳುವುದಿಲ್ಲ. ಮನುಷ್ಯನಿಗೆ ವಯಸ್ಸಾದರೆ ಅನುಭವ ಕೂಡುತ್ತದೆ. ಕಬ್ಬಿಣಕ್ಕೆ ವಯಸ್ಸಾದರೆ ಕೂಡುವುದು ತುಕ್ಕು. ಬೆಂಗಳೂರಿನವರು ವಾರಾಂತ್ಯಕ್ಕೆ ರಾಮನಗರ, ಸಾವನದುರ್ಗಕ್ಕೆ ಹೋಗುತ್ತಾರೆ. ಮುಂಬೈ, ಪುಣೆಯವರಿಗೆ ಸಹ್ಯಾದ್ರಿಯ ಕಡಿದಾದ ಗೋಡೆಗಳಿವೆ. ಹೈದರಾಬಾದಿನವರಿಗೆ ಭುವನಗಿರಿಯ ಏಕಶಿಲೆ, ದೆಹಲಿಯವರಿಗೆ ಫರೀದಾಬಾದಿನ ಧೌಜ್, ಎಲ್ಲ ಊರುಗಳವರಿಗೂ ಬಾದಾಮಿ. ಹತ್ತುವವರ ಸಂಖ್ಯೆ ಬೆಳೆದಿದೆ, ಹಗ್ಗ, ಶೂ, ಸೊಂಟಪಟ್ಟಿಗಳ ಅಂಗಡಿಗಳು ಬೆಳೆದಿವೆ. ಬೆಳೆಯದೆ ಉಳಿದದ್ದು ಒಂದು ಸರಳ ಅಭ್ಯಾಸ: ಬಂಡೆಗೆ ಕೂರಿಸಿದ ಬೋಲ್ಟನ್ನು ಅದೇ ಬಂಡೆಯ ಮೇಲೆ ಎಳೆದು, ತಡೆದ ಬಲವನ್ನು ಬರೆದಿಡುವುದು. ಅದಕ್ಕೆ ಬೇಕಾದ ಉಪಕರಣ ದುಬಾರಿ, ವಿದೇಶದಿಂದ ಬರಬೇಕು, ಪ್ರಯೋಗಾಲಯದವರಿಗೆ ಮಾತ್ರ ಸಾಧ್ಯ ಎಂಬ ನೆಪಗಳಲ್ಲಿ ಒಂದೂ ನಿಲ್ಲುವುದಿಲ್ಲ. ಪೀಣ್ಯದಲ್ಲಿ, ಭೋಸರಿಯಲ್ಲಿ, ಅಂಬತ್ತೂರಿನಲ್ಲಿ, ಬಾಲಾನಗರದಲ್ಲಿ, ಓಖ್ಲಾದಲ್ಲಿ ಯಾವುದೇ ಸಣ್ಣ ವರ್ಕ್‌ಶಾಪಿನವರು ಅದನ್ನು ಮಾಡಿಕೊಡಬಲ್ಲರು. ಹಾಗಿದ್ದೂ ಅಳೆಯದೆ ಇರುವುದು ಬಡತನವಲ್ಲ, ಆಯ್ಕೆ.

ಮೊದಲು ಬೋಲ್ಟಿನ ಮೇಲೆ ಅಚ್ಚೊತ್ತಿದ ಸಂಖ್ಯೆಯ ವಿಚಾರ. ಬಂಡೆಗೆ ತೂತು ಕೊರೆದು ಕೂರಿಸಿದ ಬೋಲ್ಟ್, ಅದಕ್ಕೆ ಸಿಕ್ಕಿಸಿದ ಹ್ಯಾಂಗರ್ ಎಂಬ ಬಾಗಿದ ಉಕ್ಕಿನ ಪಟ್ಟಿ, ಇವೆರಡೂ ಸೇರಿ ಆ್ಯಂಕರ್. ಯುರೋಪಿನ ಇಎನ್ 959 ಮಾನದಂಡದ ಪ್ರಕಾರ ಇಂಥ ಆ್ಯಂಕರ್ ಗೋಡೆಗುಂಟ ಕೆಳಕ್ಕೆ ಎಳೆದಾಗ 25 ಕಿಲೋನ್ಯೂಟನ್ ತಡೆಯಬೇಕು. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋ ತೂಕ. ಅಂದರೆ ಎರಡೂವರೆ ಟನ್. ಈ ಸಂಖ್ಯೆ ನೋಡಿದವರು ನಿಶ್ಚಿಂತರಾಗುತ್ತಾರೆ. ಆದರೆ ಆ ಪರೀಕ್ಷೆ ನಡೆಯುವುದು ಗೊತ್ತಾದ ಬಲದ ಕಾಂಕ್ರೀಟ್ ದಿಮ್ಮಿಯಲ್ಲಿ, ಹೊಸ ಡ್ರಿಲ್ ಬಿಟ್ಟಿನಿಂದ ಕೊರೆದ ನೇರ ತೂತಿನಲ್ಲಿ, ಆ ಕೆಲಸ ಬಲ್ಲವರ ಕೈಯಲ್ಲಿ. ಅಚ್ಚೊತ್ತಿದ ಸಂಖ್ಯೆ ಕಾರ್ಖಾನೆ ಕೊಟ್ಟ ಮಾತು. ಬಂಡೆ ಯಾರಿಗೂ ಮಾತು ಕೊಟ್ಟಿಲ್ಲ.

ಬಂಡೆಗಳಾದರೂ ಒಂದೇ ಥರವೇ? ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿನ ಗ್ರಾನೈಟಿಗೆ ಭೂವಿಜ್ಞಾನದಲ್ಲಿ ಇಂದಿಗೂ ಅದೇ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯ, ಗಟ್ಟಿ ಕಲ್ಲು. ಆದರೆ ಈ ಗ್ರಾನೈಟ್ ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಮೇಲೆ ಗಟ್ಟಿ ಕಾಣುವ ಪದರದ ಹಿಂದೆ ಟೊಳ್ಳಿದ್ದರೆ ಬೋಲ್ಟ್ ಕೂತಿರುವುದು ಬೆಟ್ಟದಲ್ಲಲ್ಲ, ಬೆಟ್ಟದ ಮೇಲೊರಗಿದ ಚಪ್ಪಡಿಯಲ್ಲಿ. ಬಾದಾಮಿಯದು ಕೆಂಪು ಮರಳುಗಲ್ಲು. ಒಂದೇ ಗೋಡೆಯಲ್ಲಿ ಗಟ್ಟಿ ಪಟ್ಟೆಯ ಪಕ್ಕದಲ್ಲಿ ಮೆತ್ತಗಿನ ಪಟ್ಟೆ ಇರಬಹುದು. ಮರಳುಗಲ್ಲು ಮಳೆಯಲ್ಲಿ ನೆನೆದರೆ ಒಣಗಿದ್ದಾಗಿನ ಬಲವನ್ನು ಉಳಿಸಿಕೊಳ್ಳುವುದಿಲ್ಲ. ಮಳೆ ಬಂದು ನಿಂತ ಕೂಡಲೇ ಅದನ್ನು ಹತ್ತಬಾರದೆಂಬ ರೂಢಿ ಲೋಕದ ಮರಳುಗಲ್ಲಿನ ಊರುಗಳಲ್ಲೆಲ್ಲ ಇರುವುದು ಅದಕ್ಕೇ. ಇನ್ನು ಸಹ್ಯಾದ್ರಿಯ ಬಸಾಲ್ಟ್, ಲಾವಾ ಹರಿದು ಹರಿದು ಒಂದರ ಮೇಲೊಂದು ಕೂತ ಪದರಗಳು. ಒಂದು ಪದರ ಸುತ್ತಿಗೆಗೂ ಜಗ್ಗದು. ಅದರ ಕೆಳಗಿನದು ಗಾಳಿಗುಳ್ಳೆಗಳಿಂದ ತುಂಬಿದ ಜಾಳು ಕಲ್ಲು. ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನಂಥ ಪಟ್ಟೆ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಬೋಲ್ಟುಗಳು ಎರಡು ಅಡಿ ಅಂತರದಲ್ಲಿ ಎರಡು ಬೇರೆ ಬೇರೆ ಬಲದ ಆ್ಯಂಕರುಗಳಾಗಬಹುದು.

ಕಲ್ಲಿನ ಮೇಲೆ ಕೈಯ ವ್ಯತ್ಯಾಸ ಬೇರೆ. ಸವೆದ ಬಿಟ್ಟಿನಿಂದ ಕೊರೆದರೆ ತೂತಿನ ಅಳತೆ ತಪ್ಪುತ್ತದೆ. ಕೊರೆದ ಪುಡಿಯನ್ನು ಬ್ರಶ್ ಹಾಕಿ, ಊದಿ ತೆಗೆಯದಿದ್ದರೆ ಅಂಟು ಹಿಡಿಯುವುದು ಕಲ್ಲನ್ನಲ್ಲ, ಹಿಟ್ಟನ್ನು. ಎರಡು ಭಾಗದ ಅಂಟು ಸರಿಯಾಗಿ ಬೆರೆಯದಿದ್ದರೆ ಒಳಗೆ ಗಟ್ಟಿಯಾಗುವುದೇ ಇಲ್ಲ. ಬ್ಯಾಟರಿ ಮುಗಿಯುತ್ತಾ ಬಂದಾಗ ಕೊರೆದ ಕೊನೆಯ ತೂತು ಒಂದು ಸೆಂಟಿಮೀಟರ್ ಕಡಿಮೆ ಆಳವಾಗಿರುತ್ತದೆ. ಇವ್ಯಾವುವೂ ಹೊರಗಿನಿಂದ ಕಾಣುವುದಿಲ್ಲ. ಹೊರಗೆ ಕಾಣುವುದು ಹೊಳೆಯುವ ಸ್ಟೀಲಿನ ಹ್ಯಾಂಗರ್ ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳುತ್ತಲೇ ಬೆಳೆದ ಜನ ಇಲ್ಲಿ ಮಾತ್ರ ಬಣ್ಣ ನೋಡಿ ನಂಬುತ್ತಾರೆ.

ಬಂಡೆಯ ಮೇಲೆ ಎಷ್ಟು ಬಲ ಬೀಳುತ್ತದೆ? ಮೇಲೆ ಹಗ್ಗ ಹಾಕಿ ಹತ್ತುವಾಗ ಹಗ್ಗದ ಇನ್ನೊಂದು ತುದಿಯನ್ನು ಕೆಳಗೆ ಹಿಡಿದವರೂ ಎಳೆಯುತ್ತಿರುತ್ತಾರೆ. ಹಾಗಾಗಿ ಸುಮ್ಮನೆ ನೇತಾಡಿದರೂ ಆ್ಯಂಕರಿನ ಮೇಲೆ ಹತ್ತುವವರ ತೂಕದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಭಾರ. ಸಡಿಲ ಹಗ್ಗದ ಮೇಲೆ ಜಾರಿ ಬಿದ್ದರೆ ಎರಡು ಮೂರು ಕಿಲೋನ್ಯೂಟನ್. ಮುಂದಾಳಾಗಿ ಹತ್ತುತ್ತಾ ಬೀಳುವವರ ಲೆಕ್ಕವೇ ಬೇರೆ. ಮಾನದಂಡದ ಪರೀಕ್ಷೆಯಲ್ಲಿ ಹಗ್ಗವೊಂದು 80 ಕಿಲೋ ತೂಕವನ್ನು ಅತಿ ಕೆಟ್ಟ ರೀತಿಯಲ್ಲಿ ಬೀಳಿಸಿದಾಗ ಹತ್ತುವವರಿಗೆ ದಾಟಿಸಬಹುದಾದ ಮಿತಿ 12 ಕಿಲೋನ್ಯೂಟನ್. ಅದು ಮೇಲಿನ ಆ್ಯಂಕರಿಗೆ ತಲುಪುವಾಗ 20ರ ಹತ್ತಿರ ಹೋಗುತ್ತದೆ. ಅಂಥ ಬೀಳು ಅಪರೂಪ, ದಿನನಿತ್ಯದ ಬೀಳು ಅದರ ಕಾಲುಭಾಗ. ಆದರೆ ಆ್ಯಂಕರ್ ಇರುವುದೇ ಅಪರೂಪದ ದಿನಕ್ಕಾಗಿ. ಎರಡು ಬೋಲ್ಟು ಇವೆಯಲ್ಲ ಎನ್ನುವವರು ಕೋನವನ್ನು ಮರೆಯುತ್ತಾರೆ. ಎರಡಕ್ಕೂ ಕಟ್ಟಿದ ಪಟ್ಟಿ 120 ಡಿಗ್ರಿ ಅಗಲಕ್ಕೆ ಚಾಚಿಕೊಂಡರೆ ಭಾರ ಹಂಚಿಹೋಗುವುದಿಲ್ಲ. ಒಂದೊಂದು ಬೋಲ್ಟೂ ಪೂರ್ತಿ ಭಾರ ಹೊರುತ್ತದೆ.

ಇನ್ನು ಉಪಕರಣ. ಅದರಲ್ಲಿ ಗುಟ್ಟೇನೂ ಇಲ್ಲ. ನಡುವೆ ತೂತಿರುವ ಹೈಡ್ರಾಲಿಕ್ ಜ್ಯಾಕ್, ಅದಕ್ಕೊಂದು ಕೈಪಂಪು, ಒತ್ತಡ ತೋರಿಸುವ ಗೇಜ್, ಜ್ಯಾಕನ್ನು ಬಂಡೆಯಿಂದ ಎತ್ತಿ ನಿಲ್ಲಿಸುವ ಕಾಲುಗಳ ಉಕ್ಕಿನ ಚೌಕಟ್ಟು, ಹ್ಯಾಂಗರನ್ನು ಹಿಡಿದು ಜ್ಯಾಕಿನ ತೂತಿನ ಮೂಲಕ ಹೊರಬರುವ ಮರೆಯಿರುವ ಸರಳು, ತುದಿಗೊಂದು ನಟ್. ಪಂಪು ಒತ್ತಿದರೆ ಜ್ಯಾಕ್ ಏರುತ್ತದೆ, ಸರಳು ಬೋಲ್ಟನ್ನು ನೇರ ಹೊರಕ್ಕೆ ಎಳೆಯುತ್ತದೆ. ಲೆಕ್ಕ ಹೈಸ್ಕೂಲಿನದು: ಒತ್ತಡ ಗುಣಿಸು ವಿಸ್ತೀರ್ಣ. ಜ್ಯಾಕಿನ ಒಳ ವಿಸ್ತೀರ್ಣ 18 ಚದರ ಸೆಂಟಿಮೀಟರ್ ಇದ್ದರೆ ಪ್ರತಿ ಬಾರ್ ಒತ್ತಡಕ್ಕೆ 180 ನ್ಯೂಟನ್ ಬಲ. 33 ಬಾರ್ ತೋರಿಸಿದರೆ ಸುಮಾರು 6 ಕಿಲೋನ್ಯೂಟನ್, 111 ಬಾರ್ ತೋರಿಸಿದರೆ ಸುಮಾರು 20. ಜ್ಯಾಕಿಗೂ ದುಡ್ಡಿಲ್ಲದವರು ಉದ್ದನೆಯ ಮರೆಯ ಸರಳಿಗೆ ನಟ್ ಹಾಕಿ ಸ್ಪ್ಯಾನರಿನಿಂದ ತಿರುಗಿಸಿ ಎಳೆಯಬಹುದು. ನಡುವೆ ಗುಜರಿ ಅಂಗಡಿಗಳಲ್ಲಿ ಕ್ರೇನಿಗೆ ತೂಗುಹಾಕುವಂಥ ಡಿಜಿಟಲ್ ತಕ್ಕಡಿ ಇಡಬೇಕು, ಅಷ್ಟೇ. ತಕ್ಕಡಿ ಬಿಟ್ಟು ಸ್ಪ್ಯಾನರಿನ ಬಿಗಿಯಿಂದಲೇ ಬಲವನ್ನು ಊಹಿಸಬಾರದು. ಕೈ ಹಾಕಿದ ಬಲದ ಬಹುಪಾಲು ಮರೆಯ ಉಜ್ಜಾಟದಲ್ಲಿ ಹೋಗುತ್ತದೆ. ಎಷ್ಟು ಹೋಯಿತೆಂಬುದು ಎಣ್ಣೆ, ದೂಳು, ತುಕ್ಕಿನ ಮೇಲೆ ಬದಲಾಗುತ್ತದೆ. ಜ್ಯಾಕಿನದನ್ನೇ ಮಾಡಿಸಿದರೂ ಒಟ್ಟು ಖರ್ಚು ಮೂರ್ನಾಲ್ಕು ಒಳ್ಳೆಯ ಹಗ್ಗಗಳ ಬೆಲೆಯ ಆಸುಪಾಸು. ಒಂದು ಕ್ಲಬ್ಬಿಗೆ ಇದು ಹೊರೆಯಲ್ಲ, ನಾಲ್ಕು ಕ್ಲಬ್ಬುಗಳು ಸೇರಿದರೆ ಚಿಲ್ಲರೆ.

ಅಗ್ಗ ಎಂದರೆ ಅಡ್ಡಾದಿಡ್ಡಿ ಎಂದಲ್ಲ. ಇಂಥ ಉಪಕರಣ ಮಾಡುವವರು ಬೀಳುವ ಹಳ್ಳ ಎರಡು. ಮೊದಲನೆಯದು ಗೇಜ್. ಜ್ಯಾಕಿನ ಜೊತೆ ಸಾಮಾನ್ಯವಾಗಿ ಬರುವುದು 700 ಬಾರಿನ ಗೇಜ್. ಗೇಜಿನ ತಪ್ಪನ್ನು ಅದರ ಪೂರ್ಣ ಅಳತೆಯ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ, 1.6 ಶೇಕಡಾ ಎಂದರೆ 11 ಬಾರ್, ಅಂದರೆ ಮೇಲಿನ ಜ್ಯಾಕಿನಲ್ಲಿ 2 ಕಿಲೋನ್ಯೂಟನ್. ಆರು ಅಳೆಯಲು ಹೋಗಿ ಎರಡು ತಪ್ಪುವ ಅಳತೆ ಅಳತೆಯೇ ಅಲ್ಲ. ಅದೇ ದರ್ಜೆಯ 160 ಬಾರಿನ ಗೇಜ್ ಹಾಕಿದರೆ ತಪ್ಪು ಅರ್ಧ ಕಿಲೋನ್ಯೂಟನ್ನಿಗಿಂತ ಕಡಿಮೆ. ಎರಡನೆಯ ಹಳ್ಳ ಇನ್ನೂ ಮೋಸದ್ದು: ಚೌಕಟ್ಟಿನ ಕಾಲುಗಳು. ಬೋಲ್ಟ್ ಕಿತ್ತು ಬರುವಾಗ ಎಷ್ಟೋ ಸಲ ತನ್ನ ಸುತ್ತಲ ಕಲ್ಲನ್ನು ಕೊಳವೆಬಾಯಿಯ ಆಕಾರದಲ್ಲಿ ಕಿತ್ತುಕೊಂಡೇ ಬರುತ್ತದೆ. ಕಾಲುಗಳು ಬೋಲ್ಟಿನ ಪಕ್ಕದಲ್ಲೇ ಊರಿದ್ದರೆ ಅವೇ ಆ ಕಲ್ಲನ್ನು ಅದುಮಿ ಹಿಡಿಯುತ್ತವೆ. ಕಲ್ಲು ಒಡೆಯುವುದಿಲ್ಲ, ಗೇಜ್ ಮುದ್ದಾದ ಸಂಖ್ಯೆ ತೋರಿಸುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಾಲುಗಳ ನಡುವಿನ ಅಂತರ ಬೋಲ್ಟಿನ ಆಳದ ನಾಲ್ಕು ಪಟ್ಟಾದರೂ ಇರಬೇಕೆಂದು ಕಟ್ಟಡ ಕ್ಷೇತ್ರದ ಪರೀಕ್ಷಕರು ಪಾಲಿಸುವುದು ಇದಕ್ಕೇ. 80 ಮಿಲಿಮೀಟರ್ ಆಳದ ಬೋಲ್ಟಿಗೆ 320 ಮಿಲಿಮೀಟರ್. ಚೌಕಟ್ಟು ತುಸು ಭಾರವಾಗುತ್ತದೆ, ಹೊರಲೇಬೇಕು.

ಗೇಜ್ ನಿಜ ಹೇಳುತ್ತಿದೆಯೇ ಎಂದು ಯಾರು ಹೇಳಬೇಕು? ಇದಕ್ಕೂ ದೂರ ಹೋಗಬೇಕಿಲ್ಲ. ಸಿವಿಲ್ ಅಥವಾ ಮೆಕ್ಯಾನಿಕಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಯುಟಿಎಂ ಎಂದು ಕರೆಯುವ ಪರೀಕ್ಷಾಯಂತ್ರ ಇರುತ್ತದೆ. ಕಬ್ಬಿಣದ ಸರಳನ್ನು ಎಳೆದು ತುಂಡರಿಸಿ ಗ್ರಾಫ್ ಬರೆದದ್ದು ಓದಿದವರಿಗೆಲ್ಲ ನೆನಪಿದ್ದೀತು. ಜ್ಯಾಕನ್ನು ಅದರ ದವಡೆಗಳ ನಡುವೆ ಇಟ್ಟು ಪಂಪು ಒತ್ತಿ, ಗೇಜ್ ಹೇಳಿದ್ದನ್ನೂ ಯಂತ್ರ ಹೇಳಿದ್ದನ್ನೂ ಎದುರುಬದುರು ಬರೆದುಕೊಂಡರೆ ಉಪಕರಣಕ್ಕೊಂದು ಜಾತಕ ಸಿದ್ಧ. ಒಂದು ಮಧ್ಯಾಹ್ನದ ಕೆಲಸ. ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಸಿಗದೆ ಹಳೆಯ ವರದಿಗಳನ್ನು ನಕಲು ಮಾಡುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ವಿಷಯ ಯಾವುದು?

ಎಷ್ಟು ಬಲಕ್ಕೆ ಎಳೆಯಬೇಕು ಎಂಬುದಕ್ಕೂ ದಾರಿ ಇದೆ. ಎತ್ತರದ ಕಟ್ಟಡಗಳ ಗಾಜು ಒರೆಸುವವರು ಹಗ್ಗ ಕಟ್ಟುವ ಕಣ್ಣುಬೋಲ್ಟುಗಳಿಗೆ ಬ್ರಿಟನ್ನಿನ ನಿಯಮಸಂಹಿತೆ ಹೇಳುವುದು ನೇರ ಹೊರಕ್ಕೆ 6 ಕಿಲೋನ್ಯೂಟನ್, ಕನಿಷ್ಠ 15 ಸೆಕೆಂಡ್. ಬಳಕೆಯಲ್ಲಿರುವ ಆ್ಯಂಕರಿನ ತಪಾಸಣೆಗೆ ಇದು ಒಳ್ಳೆಯ ಆರಂಭ. ಬೀಳುವ ಬಲ ಹೆಚ್ಚಾಗಿ ಕೆಳಕ್ಕಿರುತ್ತದೆ, ಹೊರಕ್ಕೆ ಎಳೆದು ಏನುಪಯೋಗ ಎಂದು ಕೇಳುವವರಿದ್ದಾರೆ. ಕೂರಿಸಿದ್ದರಲ್ಲಿ ಆದ ತಪ್ಪು, ಅಂಟಿನ ಕೊರತೆ, ಸಡಿಲ ತೂತು ಬಯಲಾಗುವುದು ಹೊರಕ್ಕೆ ಎಳೆದಾಗಲೇ. ಇದರ ಜೊತೆಗೆ ಇನ್ನೊಂದು ಪರೀಕ್ಷೆ ಬೇಕು. ಹೊಸ ಗೋಡೆಯಲ್ಲಿ ಬೋಲ್ಟ್ ಹಾಕುವ ಮೊದಲು ಅದೇ ಕಲ್ಲಿನಲ್ಲಿ, ದಾರಿಯಿಂದ ದೂರದ ಮೂಲೆಯಲ್ಲಿ ಐದಾರು ಬೋಲ್ಟುಗಳನ್ನು ಬಲಿ ಕೊಟ್ಟು, ಕಿತ್ತು ಬರುವವರೆಗೆ ಎಳೆಯಬೇಕು. ಆಗ ನೋಡಬೇಕಾದದ್ದು ಸರಾಸರಿಯನ್ನಲ್ಲ, ಅತಿ ಕಡಿಮೆ ಬಂದ ಸಂಖ್ಯೆಯನ್ನು. ಐದು ಬೋಲ್ಟುಗಳು 30, 29, 31, 28, 7 ಎಂದು ಬಂದರೆ ಸರಾಸರಿ 25, ಮಾನದಂಡದಷ್ಟೇ ಚೆಂದ. ಆದರೆ ಯಾರದೋ ಮಗು ನೇತಾಡುವುದು ಸರಾಸರಿಯ ಮೇಲಲ್ಲ. ಐದನೆಯ ಬೋಲ್ಟಿನ ಮೇಲೂ ಯಾರೋ ಒಬ್ಬರು ನೇತಾಡುತ್ತಾರೆ.

ಇಷ್ಟು ಹೇಳಿದ ಕೂಡಲೇ ಆಕ್ಷೇಪಗಳು ಸಾಲುಗಟ್ಟುತ್ತವೆ. ಎಳೆದರೆ ಒಳ್ಳೆಯ ಬೋಲ್ಟೂ ಸಡಿಲವಾಗುತ್ತದೆ ಎನ್ನುವುದು ಒಂದು. 10 ಮಿಲಿಮೀಟರ್ ಬೋಲ್ಟಿನ ನಟ್ಟನ್ನು ಹೇಳಿದಷ್ಟು ಬಿಗಿಗೆ ತಿರುಗಿಸಿದಾಗಲೇ ಅದರ ಒಳಗೆ 10 ಕಿಲೋನ್ಯೂಟನ್ ದಾಟುವ ಎಳೆತ ಹುಟ್ಟುತ್ತದೆ. ಕೂರಿಸುವ ದಿನವೇ ಅಷ್ಟು ತಡೆದ ಬೋಲ್ಟ್ 6ಕ್ಕೆ ಸಡಿಲವಾದರೆ ಅದು ಮೊದಲೇ ಕೆಟ್ಟಿತ್ತು, ಪರೀಕ್ಷೆ ಅದನ್ನು ಹೇಳಿತು. ಕಿತ್ತು ಬರುವ ಬೋಲ್ಟ್ ಗೇಜಿನ ಮುಂದೆ ಕಿತ್ತು ಬರಲಿ.

ಮನೆಯಲ್ಲಿ ಮಾಡಿದ ಉಪಕರಣ ಅಪಾಯಕಾರಿ ಎನ್ನುವುದು ಇನ್ನೊಂದು. ಅಪಾಯ ಇದ್ದೇ ಇದೆ. ಉಕ್ಕು ತುಂಡಾದಾಗ ಸಿಡಿಯುತ್ತದೆ. ಅದಕ್ಕಾಗಿ ಎಳೆತದ ನೇರದಲ್ಲಿ ನಿಲ್ಲಬಾರದು, ಚೌಕಟ್ಟಿಗೆ ಬೇರೆ ಹಗ್ಗ ಕಟ್ಟಿರಬೇಕು, ಪರೀಕ್ಷಿಸುವವರು ಪರೀಕ್ಷೆಗೊಳಗಾದ ಬೋಲ್ಟಿಗೇ ನೇತಾಡಬಾರದು, ಗಾಳಿಯೊತ್ತಡದ ಸಿಲಿಂಡರ್ ಬಳಸಲೇಬಾರದು. ಇವು ಪಾಲಿಸಬಹುದಾದ ನಿಯಮಗಳು. ಅಳೆಯದ ಬೋಲ್ಟಿನ ಅಪಾಯಕ್ಕೆ ಯಾವ ನಿಯಮವೂ ಇಲ್ಲ.

ಗಂಭೀರವಾದ ಆಕ್ಷೇಪ ಒಂದೇ: ಪರೀಕ್ಷೆ ಸುಳ್ಳು ಧೈರ್ಯ ಕೊಡುತ್ತದೆ. ಇದಕ್ಕೆ ಪುರಾವೆಯೂ ಇದೆ. 2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಸುರಂಗರಸ್ತೆಯ ಚಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಮಹಿಳೆಯೊಬ್ಬರು ಸತ್ತರು. ಹಲಗೆಗಳನ್ನು ಹಿಡಿದಿದ್ದ ಬೋಲ್ಟುಗಳನ್ನು ಎಪಾಕ್ಸಿ ಅಂಟಿನಿಂದ ಕೂರಿಸಲಾಗಿತ್ತು. ಕೂರಿಸಿದಾಗ ಅವು ಎಳೆತದ ಪರೀಕ್ಷೆಯಲ್ಲಿ ಪಾಸಾಗಿದ್ದವು. ಬಳಸಿದ ಅಂಟು ಕ್ಷಣದ ಎಳೆತಕ್ಕೆ ಗಟ್ಟಿ, ವರ್ಷಗಟ್ಟಲೆಯ ಭಾರಕ್ಕೆ ಮೆಲ್ಲಗೆ ಜಾರುವ ಜಾತಿಯದು. ಥಾಯ್ಲೆಂಡಿನ ರೈಲೇ ಕಡಲತೀರದ ಸುಣ್ಣಕಲ್ಲಿನ ಗೋಡೆಗಳಲ್ಲೂ ಪಾಠ ಇದೇ ಜಾತಿಯದು. ಬಿಸಿ, ಉಪ್ಪು ಗಾಳಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹೊರಗೆ ತುಕ್ಕು ತೋರಿಸದೆ ಒಳಗೊಳಗೇ ಬಿರುಕುಬಿಡುತ್ತದೆ; ಕೊನೆಗೆ ಅಲ್ಲಿ ಟೈಟಾನಿಯಂ ಬೋಲ್ಟುಗಳನ್ನು ಹಾಕಬೇಕಾಯಿತು. ಇವತ್ತಿನ ಎಳೆತ ನಾಳೆಯ ಬಿರುಕಿಗೆ ಜಾಮೀನಲ್ಲ.

ಇದರಿಂದ ಪರೀಕ್ಷೆ ಬೇಡ ಎಂಬ ತೀರ್ಮಾನಕ್ಕೆ ಬರುವವರು ಜಪಾನಿನ ಸಸಾಗೋ ಸುರಂಗವನ್ನು ನೋಡಬೇಕು. 1977ರಲ್ಲಿ ತೆರೆದ ಆ ಸುರಂಗದ ಚಾವಣಿ 2012ರ ಡಿಸೆಂಬರ್ 2ರಂದು ಕುಸಿದು ಒಂಬತ್ತು ಜನ ಸತ್ತರು. ಅಲ್ಲೂ ಅಂಟಿನಿಂದ ಕೂರಿಸಿದ ಬೋಲ್ಟುಗಳೇ. ಆ ಬೋಲ್ಟುಗಳನ್ನು ಅದಕ್ಕೆ ಮುಂಚಿನ ಹನ್ನೆರಡು ವರ್ಷ ಯಾರೂ ಹತ್ತಿರ ಹೋಗಿ ಸುತ್ತಿಗೆಯಿಂದ ತಟ್ಟಿಯೂ ನೋಡಿರಲಿಲ್ಲ. ಬಾಸ್ಟನ್ ಹೇಳುವುದು ಒಂದು ಸಲ ಅಳೆದು ಮಲಗಬೇಡಿ ಎಂದು. ಸಸಾಗೋ ಹೇಳುವುದು ಅಳೆಯದೆ ಮಲಗಬೇಡಿ ಎಂದು. ಎರಡನ್ನೂ ಓದಿದವರಿಗೆ ಉಳಿಯುವ ಅರ್ಥ ಒಂದೇ: ಮತ್ತೆ ಮತ್ತೆ ಅಳೆಯಿರಿ, ಬರೆದಿಡಿ, ಹಳೆಯದನ್ನು ಕಾಲಕ್ಕೆ ಸರಿಯಾಗಿ ಬದಲಿಸಿ.

ಹಾಗಾದರೆ ಇದು ಯಾಕೆ ನಡೆಯುವುದಿಲ್ಲ? ಉಪಕರಣದ ಕೊರತೆಯಿಂದಲ್ಲ. ಹಿರಿಯರು ಹಾಕಿದ ಬೋಲ್ಟನ್ನು ಎಳೆದು ನೋಡುವುದು ಹಿರಿಯರನ್ನೇ ಅನುಮಾನಿಸಿದಂತೆ ಎಂಬ ಭಾವನೆ ಇದೆ. ಅವರು ಕೈಸುತ್ತಿಗೆ ಹಿಡಿದು, ದಿನವಿಡೀ ಬಿಸಿಲಲ್ಲಿ ನೇತಾಡಿ ಕೊರೆದ ತೂತುಗಳಿಗೆ ಗೌರವ ಸಲ್ಲಲೇಬೇಕು. ಆದರೆ ಗೌರವ ಸಲ್ಲಬೇಕಾದದ್ದು ಮನುಷ್ಯರಿಗೆ, ಅವರು ಬಿಟ್ಟುಹೋದ ತುಕ್ಕಿಗಲ್ಲ. ಧೈರ್ಯದ ಬಗೆಗಿನ ಹುಸಿ ಹೆಮ್ಮೆಯೂ ಇದೆ: ಅಳೆಯುವವನು ಪುಕ್ಕಲ, ನಂಬಿ ನೇತಾಡುವವನು ಗಟ್ಟಿಗ. ಎಲ್ಲಕ್ಕಿಂತ ಹೆಚ್ಚಾಗಿ ಕಾಗದದ ಧೈರ್ಯ ಇದೆ. ಶಿಬಿರಕ್ಕೆ ಮುಂಚೆ ತಂದೆತಾಯಿಯರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಏನಾದರೂ ಆದರೆ ಹೊಣೆ ತಮ್ಮದಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ ಒಂದು ಹಾಳೆಯ ಮೇಲೆ ಇಟ್ಟಷ್ಟು ಗಮನವನ್ನು ಎರಡು ಬೋಲ್ಟುಗಳ ಮೇಲೆ ಇಟ್ಟರೆ ಸಾಕಿತ್ತು. ಹಾಳೆ ಯಾರ ಭಾರವನ್ನೂ ಹೊರುವುದಿಲ್ಲ.

ಆಗಬೇಕಾದದ್ದು ದೊಡ್ಡದೇನಲ್ಲ. ಒಂದೊಂದು ಊರಿನ ಕ್ಲಬ್ಬುಗಳು ಸೇರಿ ಒಂದೊಂದು ಉಪಕರಣ ಮಾಡಿಸಿ, ಬೇಕಾದವರಿಗೆ ಎರವಲು ಕೊಡಲಿ. ಬೆಂಗಳೂರಿನ ಜನರಲ್ ತಿಮ್ಮಯ್ಯ ಹೆಸರಿನ ಸಾಹಸ ಅಕಾಡೆಮಿಯಂಥ ಸರ್ಕಾರಿ ಸಂಸ್ಥೆಗಳು ಚೌಕಟ್ಟಿನ ನಕ್ಷೆಯನ್ನು ಕನ್ನಡದಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ, ಯಾವ ವೆಲ್ಡರ್ ಓದಿದರೂ ಅರ್ಥವಾಗುವಂತೆ ಹಂಚಲಿ. ಪ್ರತಿ ಗೋಡೆಗೂ ಒಂದು ದಾಖಲೆ ಇರಲಿ: ಬೋಲ್ಟ್ ಯಾವುದು, ಆಳ ಎಷ್ಟು, ಅಂಟು ಯಾವುದು, ಕೂರಿಸಿದ ತಾರೀಖು, ಎಳೆದ ತಾರೀಖು, ಬಲ, ಎಳೆದವರ ಹೆಸರು. ಸೋತ ಬೋಲ್ಟುಗಳ ಲೆಕ್ಕವನ್ನು ಮುಚ್ಚಿಡದೆ ಹೇಳಲಿ. ಒಂದು ಊರಿನ ಸೋಲು ಇನ್ನೊಂದು ಊರಿಗೆ ಪಾಠವಾಗುವುದು ಆಗಲೇ.

ಇವೆಲ್ಲ ಆಗುವವರೆಗೂ ಹತ್ತುವವರ ಕೈಯಲ್ಲಿ, ಮಕ್ಕಳನ್ನು ಕಳಿಸುವವರ ಕೈಯಲ್ಲಿ ಒಂದು ಆಯುಧ ಇದ್ದೇ ಇದೆ: ಪ್ರಶ್ನೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುವ ಮೊದಲು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ. ಈ ಆ್ಯಂಕರನ್ನು ಎಂದು ಎಳೆದಿರಿ? ಎಷ್ಟು ಕಿಲೋನ್ಯೂಟನ್? ಎಲ್ಲಿ ಬರೆದಿದ್ದೀರಿ? ಮೂರಕ್ಕೂ ಉತ್ತರ ಬಂದರೆ ಖುಷಿಯಿಂದ ಹತ್ತಿ. 'ಏನೂ ಆಗಲ್ಲ' ಎಂದು ಬಂದರೆ ಶುಲ್ಕ ವಾಪಸು ಕೇಳಿ, ಕಾರಣವನ್ನು ಎಲ್ಲರಿಗೂ ಕೇಳುವಂತೆ ಹೇಳಿ, ಮನೆಗೆ ಹೋಗಿ. ಹತ್ತು ಜನ ಹಾಗೆ ವಾಪಸಾದ ವಾರವೇ ಆ ಊರಿನ ಯಾವುದಾದರೊಂದು ವರ್ಕ್‌ಶಾಪಿನಲ್ಲಿ ಜ್ಯಾಕಿಗೆ ಕಾಲು ಬೆಸೆಯುವ ಕೆಲಸ ಶುರುವಾಗುತ್ತದೆ.